ಎದುರುಮಾತಿಲ್ಲದ ಪುಸ್ತಕ

ಪುಣೆ, ಶನಿವಾರ ಪೇಠ
೧೪ ಅಕ್ಟೋಬರ್ ೧೯೬೦

ಚಿರಂಜೀವಿ ಭಾಲಚಂದ್ರನಿಗೆ ಚಂದ್ರಭಾಗಾ ಕಾಕೂ ಮಾಡುವ ಆಶೀರ್ವಾದ.

ದಸರಾ ಮುಗೀತು. ನಿನ್ನ ಸರ್ ಅವರ ಹಳೇ ವಿದ್ಯಾರ್ಥಿಗಳೆಲ್ಲ ಬಂಗಾರದ ಎಲಿ ಕೊಡಾಕ ಬಂದು ಹೋದರು. ಒಬ್ಬೊಬ್ಬರೂ ಕೇಳಿದ್ದು ಒಂದ ಮಾತು: "ಕಾಕೂ, ದಿವಟೆ ಸರ್ ಪುಸ್ತಕ ಎಲ್ಲೀಮಟ ಬಂತು?" ನಾ ಏನ ಹೇಳಲಿ? "ದಿಲ್ಲೀಮಟ ಹೋಗೇತಿ, ಅಲ್ಲೇ ಕುಂತೈತಿ" ಅಂದೆ.

ದಿಲ್ಲಿ ನೀರು ಕುಡದು ಮರ್ತಿದ್ದರ ನೆನಪು ಮಾಡಿ ಕೊಡ್ತೀನಿ. ನಮ್ಮ ಮನಿಯವರು ತೀರಿಕೊಂಡ ಮ್ಯಾಲೆ ದಿನಕರ್ಮದ ಊಟ ಮುಗಿಸಿ, ಕೈ ತೊಳಕೊಂಡು, ನೀನ ನನ್ನ ಮುಂದ ಕುಂತು ಹೇಳಿದಿ: "ಕಾಕೂ, ಸರ್ ತಮ್ಮ ಆಯುಷ್ಯ ಹಾಕಿ ಬರದ ಪುಸ್ತಕ. ನಮ್ಮ ದೇಶದಾಗ ಮಂದಿ ಸಂಪತ್ತು ಅಂದ್ರ ಏನು, ಬಡತನ ಯಾಕ ಬರತೈತಿ ಅಂತ ಹೆಂಗೆಂಗ ವಿಚಾರ ಮಾಡಿಕೊಂತ ಬಂದರು ಅನ್ನೋದರ ಇತಿಹಾಸ ಮರಾಠಿಯೊಳಗ ಯಾರೂ ಬರದಿಲ್ಲ. ಅಡಿಟಿಪ್ಪಣಿ ಸರಿಮಾಡಿ ಮಳಿಗಾಲದಾಗ ಅಚ್ಚಿಗೆ ಕೊಡೂಣು." ಮಳಿಗಾಲ ಬಂತು, ಹೋತು. ಈಗ ದೀಪಾವಳಿ ಹೊಚ್ಚಲದಾಗ ಐತಿ.

ಅಡಿಟಿಪ್ಪಣಿ ಅಂದ್ರ ಹಾಳಿಯ ಅಡಿಗೆ ಇರೋ ಸಣ್ಣ ಅಕ್ಷರ ಅಲ್ಲೇನೋ? ಅದಕ್ಕ ಇಷ್ಟು ದಿನ ಬೇಕಾದ್ರ ಮ್ಯಾಲಿನ ದೊಡ್ಡ ಅಕ್ಷರಕ್ಕ ಎಷ್ಟು ದಿನ?

ಲಗೂನ ಉತ್ತರ ಬರಿ.
ಕಾಕೂ


ಹೊಸದಿಲ್ಲಿ, ಕರೋಲ್ ಬಾಗ್
೨ ನವೆಂಬರ್ ೧೯೬೦

ತೀರ್ಥಸ್ವರೂಪ ಕಾಕೂ ಅವರ ಚರಣಗಳಿಗೆ ಭಾಲಚಂದ್ರ ಕರಂದೀಕರ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ತಡವಾದದ್ದು ನನ್ನ ತಪ್ಪೇ. ಕಚೇರಿಯಲ್ಲಿ ಮೂರನೆಯ ಪಂಚವಾರ್ಷಿಕ ಯೋಜನೆಯ ಕರಡು ನಡೆದಿದೆ. ಒಂದು ವಾರ ಗೋಧಿ, ಒಂದು ವಾರ ಉಕ್ಕು. ಬೆಳಿಗ್ಗೆ ಬರೆದದ್ದನ್ನು ಸಂಜೆ ಹೊಡೆದುಹಾಕುತ್ತಾರೆ.

ಸರ್ ಅವರ ಹಸ್ತಪ್ರತಿ ನನ್ನ ಮೇಜಿನ ಮೇಲೆಯೇ ಇದೆ. ಮೊದಲ ಮೂರು ಅಧ್ಯಾಯ ಮುಗಿಸಿದ್ದೇನೆ. ಪ್ರಾಚೀನರ ರಾಜನೀತಿಯಲ್ಲಿ ತೆರಿಗೆಯ ವಿಚಾರವನ್ನು ಸರ್ ಬಿಡಿಸಿರುವ ರೀತಿ ಇನ್ಯಾರಿಂದಲೂ ಆಗದು. ನಾಲ್ಕನೆಯ ಅಧ್ಯಾಯಕ್ಕೆ ಕೆಲವು ಆಧಾರಗ್ರಂಥಗಳು ಬೇಕು. ಅವು ಇಲ್ಲಿ ಸುಲಭಕ್ಕೆ ಸಿಗುತ್ತಿಲ್ಲ. ಸಿಕ್ಕ ಕೂಡಲೇ ಮುಂದುವರಿಸುತ್ತೇನೆ.

ಇಲ್ಲಿ ಚಳಿ ಶುರುವಾಗಿದೆ. ತಾವು ಆರೋಗ್ಯ ನೋಡಿಕೊಳ್ಳಿ.

ತಮ್ಮ ಆಜ್ಞಾಧಾರಕ
ಭಾಲಚಂದ್ರ


ಪುಣೆ
೧೨ ಡಿಸೆಂಬರ್ ೧೯೬೦

ಚಿ. ಭಾಲಚಂದ್ರನಿಗೆ ಆಶೀರ್ವಾದ.

ನಾಲ್ಕನೇ ಅಧ್ಯಾಯಕ್ಕ ಆಧಾರ ಸಿಗವಲ್ದು ಅಂತ ಬರದೀದಿ. ಅದೇನು ನಮ್ಮ ಊರು ಸಾವರಪೇಠದ ನೇಕಾರರ ಅಧ್ಯಾಯ ಅಲ್ಲೇನು? ಕಂಪನಿ ಸರ್ಕಾರ ಬರೋದಕ್ಕಿಂತ ಮೊದಲ ನಮ್ಮ ಕೋಷ್ಟಿ ಮಂದಿ ಸ್ವತಂತ್ರ ಇದ್ದರು, ಸುಖದಾಗಿದ್ದರು, ಊರು ತನ್ನ ಕಾಲ ಮ್ಯಾಲೆ ತಾನ ನಿಂತಿತ್ತು ಅಂತ ಬರದದ್ದು. ಅದರ ಆಧಾರ ದಿಲ್ಲ್ಯಾಗ ಹೆಂಗ ಸಿಗತೈತೋ ಹುಡುಗಾ? ನಮ್ಮ ಮನ್ಯಾಗ ಇವರ ಟ್ರಂಕಿನ ತುಂಬ ಕಾಗದ ಅದಾವ. ಯಾವುದು ಬೇಕು ಹೇಳು, ನಕಲು ಮಾಡಿ ಕಳಸ್ತೀನಿ. ನನಗ ಕಣ್ಣು ಚೊಲೋ ಅದಾವ, ಅಕ್ಷರಾನೂ ಚೊಲೋ ಅದಾವ.

ಪ್ರಕಾಶಕ ಲೇಲೆ ಎರಡು ಸಲ ಮನೀಗೆ ಬಂದಿದ್ದ. ಮಾಘ ಮಾಸದಾಗ ಇವರ ವರ್ಷಾಂತಿಕ. ಅಷ್ಟರೊಳಗ ಪುಸ್ತಕ ಬಂದರ ಚೊಲೋ ಅಂತ ಅವನ ಅಭಿಪ್ರಾಯ. ನನ್ನದೂ ಅದ. ಶ್ರಾದ್ಧಕ್ಕ ಬಂದವರ ಕೈಯಾಗ ಬರೇ ಲಾಡು ಇಟ್ಟು ಕಳಸೋದು ನನಗ ಬ್ಯಾಡ.

ಕಾಕೂ


ಹೊಸದಿಲ್ಲಿ
೨೦ ಜನವರಿ ೧೯೬೧

ತೀರ್ಥಸ್ವರೂಪ ಕಾಕೂ ಅವರಿಗೆ ನಮಸ್ಕಾರಗಳು.

ಎಳ್ಳುಬೆಲ್ಲದ ಪೊಟ್ಟಣ ತಲುಪಿತು. ಖಾನಾವಳಿಯ ಗೆಳೆಯರೆಲ್ಲ ಹಂಚಿಕೊಂಡು ತಿಂದೆವು.

ಪುಸ್ತಕದ ಬಗ್ಗೆ ಒಂದು ವಿಚಾರ ಹೊಳೆದಿದೆ. ಇದನ್ನು ಇಂಗ್ಲಿಷಿಗೆ ಅನುವಾದಿಸಿದರೆ ದೇಶದ ವಿದ್ವಾಂಸರೆಲ್ಲ ಓದುತ್ತಾರೆ. ಅನುವಾದ ಮಾಡುವಾಗಲೇ ಅಲ್ಲಲ್ಲಿ ಕೆಲವು ಸಣ್ಣಪುಟ್ಟ ತಿದ್ದುಪಡಿ ಮಾಡಿಕೊಳ್ಳಬಹುದು. ಈಚಿನ ಸಂಶೋಧನೆಯನ್ನು ಗಮನದಲ್ಲಿಟ್ಟುಕೊಂಡು ನಾಲ್ಕನೆಯ ಅಧ್ಯಾಯವನ್ನು ಸ್ವಲ್ಪ ಮೊಟಕು ಮಾಡಿದರೂ ಒಟ್ಟು ವಾದಕ್ಕೆ ಧಕ್ಕೆಯಾಗದು ಅನ್ನಿಸುತ್ತದೆ. ಅವಸರ ಮಾಡಿ ಸರ್ ಅವರ ಹೆಸರಿಗೆ ಕುಂದು ತರುವುದಕ್ಕಿಂತ ನಿಧಾನವೇ ಮೇಲಲ್ಲವೇ?

ಭಾಲಚಂದ್ರ


ಪುಣೆ
೨೯ ಜನವರಿ ೧೯೬೧

ಭಾಲಚಂದ್ರ,

ಸಣ್ಣಪುಟ್ಟ ತಿದ್ದುಪಡಿ ಅಂದ್ರೇನು? ಮೊಟಕು ಅಂದ್ರೇನು? ಅದು ಪುಸ್ತಕೋ, ನಿನ್ನ ಕಚೇರಿಯ ಗೋಧಿ ಕರಡೋ?

ನೀ ಈ ಮನ್ಯಾಗ ವಾರಾನ್ನಕ್ಕ ಬರ್ತಿದ್ದಾಗ ನನ್ನ ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂತ ಹೇಳಾಕೂ ಧೈರ್ಯ ಇದ್ದಿಲ್ಲ ನಿನಗ. ಸುಮ್ಮನ ಉಣ್ಣಾವ. ಈಗ ನಿನ್ನ ಗುರುವಿನ ಅಧ್ಯಾಯಕ್ಕ ಕತ್ತರಿ ಹಾಕಾಕ ಹೊಂಟಿ, ಅವರು ಎದ್ದು ಬರಾಂಗಿಲ್ಲ ಅಂತ ಗೊತ್ತಾದ ಮ್ಯಾಲೆ.

ಇಂಗ್ಲಿಷ್ ಬ್ಯಾಡ. ಇಂಗ್ಲಿಷಿನ್ಯಾಗ ಬರೀಬೇಕು ಅಂದಿದ್ದರ ಅವರಿಗೇ ಬರ್ತಿತ್ತು, ನಿನಗಿಂತ ಚೊಲೋ ಬರ್ತಿತ್ತು. ನಮ್ಮ ಮಂದಿ ಓದಲಿ ಅಂತ ಹಟ ಹಿಡದು ಮರಾಠಿಯೊಳಗ ಬರದರು. ಒಂದು ಅಕ್ಷರ ಮುಟ್ಟಬ್ಯಾಡ. ಆಗಲಿಲ್ಲ ಅಂದ್ರ ಹಿಂದಕ್ಕ ಕಳಸು.

ಚಂದ್ರಭಾಗಾ ದಿವಟೆ


ಹೊಸದಿಲ್ಲಿ
೧೦ ಫೆಬ್ರುವರಿ ೧೯೬೧

ತೀರ್ಥಸ್ವರೂಪ ಕಾಕೂ ಅವರಿಗೆ,

ತಮ್ಮನ್ನು ನೋಯಿಸಿದ್ದಕ್ಕೆ ಕ್ಷಮೆ ಇರಲಿ. ಹಸ್ತಪ್ರತಿ ಕಳಿಸುತ್ತೇನೆ. ಅಂಚೆಯನ್ನು ನಂಬಿ ಹಾಕುವುದು ಬೇಡ, ಇರುವುದೊಂದೇ ಪ್ರತಿ. ಪುಣೆಗೆ ಹೊರಡುವ ನಂಬಿಕಸ್ಥರು ಯಾರಾದರೂ ಸಿಕ್ಕ ಕೂಡಲೇ ಅವರ ಕೈಯಲ್ಲಿ ಕೊಟ್ಟು ಕಳಿಸುವೆ. ವರ್ಷಾಂತಿಕಕ್ಕೆ ಬರಲಾಗುತ್ತಿಲ್ಲ. ರಜೆ ಇಲ್ಲ.

ಭಾಲಚಂದ್ರ


ಪುಣೆ
೨೪ ಜೂನ್ ೧೯೬೧

ಭಾಲಚಂದ್ರ,

ಶ್ರಾದ್ಧ ಆತು. ಯುಗಾದಿ ಆತು. ಮಾವಿನಹಣ್ಣಿನ ಸುಗ್ಗಿ ಬಂದು ಹೋತು. ದಿಲ್ಲಿಯಿಂದ ಪುಣೆಗೆ ನಾಲ್ಕು ತಿಂಗಳದಾಗ ಒಬ್ಬ ನಂಬಿಕಸ್ಥ ಮನಿಷ್ಯಾ ಬರಲಿಲ್ಲ! ಅಷ್ಟು ಕಳ್ಳರ ನಡುವ ಕುಂತು ಅದೇನು ದೇಶದ ಯೋಜನಿ ಮಾಡ್ತೀರಪಾ?

ನನ್ನ ತಮ್ಮನ ಮಗ ಶ್ರೀಪತಿ ಒಂದು ಮಾತು ಹೇಳಿದ. ಬರಿಯಬಾರದು ಅಂತ ವಾರಗಟ್ಲೆ ತಡಕೊಂಡೆ. ಈಗ ಬರೀತೀನಿ. "ಆತ್ಯಾ, ಅಂವ ನಿಮಗ ಪುಸ್ತಕ ಕೊಡಾಂಗಿಲ್ಲ. ಇಂಗ್ಲಿಷ್ ಮಾಡಿ ತನ್ನ ಹೆಸರಿಲೆ ಹಾಕ್ಕೋತಾನ, ನೋಡ್ತಿರ್ರಿ" ಅಂದ. ನಾ ಅವನಿಗೆ ಬೈದು ಕಳಿಸಿದೆ. ಬೈದ ಮ್ಯಾಲೆ ಅಡಗಿಮನ್ಯಾಗ ಕುಂತು ವಿಚಾರ ಮಾಡಿದೆ. ಬ್ಯಾರೆ ಕಾರಣ ನನಗ ಹೊಳೀಲಿಲ್ಲ. ನಿನಗ ಹೊಳದರ ಹೇಳು.

ಚಂ. ದಿವಟೆ


ಹೊಸದಿಲ್ಲಿ
೬ ಜುಲೈ ೧೯೬೧

ತೀರ್ಥಸ್ವರೂಪ ಕಾಕೂ ಅವರಿಗೆ,

ತಮ್ಮ ಪತ್ರ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಇಷ್ಟಾದ ಮೇಲೆ ವಿವರಣೆ ಕೊಡುವುದರಲ್ಲಿ ಅರ್ಥವಿಲ್ಲ.

ಇಂದು ಬೆಳಿಗ್ಗೆ ಹಸ್ತಪ್ರತಿಯನ್ನು ರಿಜಿಸ್ಟರ್ ಪಾರ್ಸೆಲ್ ಮಾಡಿ ಕಳಿಸಿದ್ದೇನೆ. ತಲುಪಿದ್ದಕ್ಕೆ ಒಂದು ಸಾಲು ಬರೆಯಿರಿ.

ಭಾಲಚಂದ್ರ


ಹೊಸದಿಲ್ಲಿ
೧೪ ಜುಲೈ ೧೯೬೧

ಕಾಕೂ,

ಪಾನಶೇತದ ಅಣೆಕಟ್ಟು ಒಡೆದು ಪುಣೆಯೊಳಗೆ ನೀರು ನುಗ್ಗಿತೆಂದು ರೇಡಿಯೋದಲ್ಲಿ ಕೇಳಿದೆ. ಶನಿವಾರ ಪೇಠ, ನಾರಾಯಣ ಪೇಠ ಎಲ್ಲ ಮುಳುಗಿತೆನ್ನುತ್ತಾರೆ. ತಂತಿ ಹೋಗುತ್ತಿಲ್ಲ. ಈ ಕಾಗದವಾದರೂ ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ದಯವಿಟ್ಟು ಒಂದು ಅಕ್ಷರ ಬರೆಯಿರಿ. ಕ್ಷೇಮ ಎಂದಷ್ಟೇ ಸಾಕು.

ಭಾಲು


ಹೊಸದಿಲ್ಲಿ
೨೩ ಜುಲೈ ೧೯೬೧

ಕಾಕೂ,

ಶ್ರೀಪತಿಯವರ ವಿಳಾಸಕ್ಕೂ ಬರೆದಿದ್ದೇನೆ. ಉತ್ತರವಿಲ್ಲ. ರಜೆ ಕೇಳಿದ್ದೇನೆ, ಕೊಟ್ಟಿಲ್ಲ. ಕೊಡದಿದ್ದರೂ ಬರುತ್ತೇನೆ.

ಭಾಲು


ಪುಣೆ, ಸದಾಶಿವ ಪೇಠದ ಶಾಲೆಯಿಂದ
೩೦ ಜುಲೈ ೧೯೬೧

ಚಿರಂಜೀವಿ ಭಾಲೂಗೆ ಅನೇಕ ಆಶೀರ್ವಾದ.

ನಾ ಬದುಕೀನಿ. ನಿನ್ನ ಎರಡೂ ಕಾಗದ ಇವತ್ತ ಕೂಡೇ ಬಂದವು. ರಜಾ ತಗೊಂಡು ಬರಬ್ಯಾಡ. ಇಲ್ಲಿ ಕುಡಿಯಾಕ ನೀರಿಲ್ಲ, ನೀ ಬಂದರ ನಿನಗೊಂದು ಕೊಡಾ ಹುಡುಕಬೇಕು.

ಅವತ್ತ ಬುಧವಾರ. ನಾ ಭಾಕರಿ ಬಡೀತಿದ್ದೆ. ಓಣ್ಯಾಗ ಯಾರೋ "ಪಾನಶೇತದ ಧರಣ ಒಡೀತು, ಓಡ್ರೀ" ಅಂತ ಕೂಗಿಕೊಂತ ಹ್ವಾದರು. ನಾ ನಂಬಲಿಲ್ಲ. ಹೊರಗ ಬಂದು ನೋಡಿದರ ಮೋರ್ಯಾಗಿನ ನೀರು ಹಿಂದಕ್ಕ ಹರೀತಿತ್ತು. ಪಕ್ಕದ ಮನಿ ಗೋಖಲ್ಯಾನ ತಾಯಿ ಎದ್ದು ನಡಿಯಾಕೀ ಅಲ್ಲ. ನಾನೂ ಅವರ ಸೊಸಿಯೂ ಕೂಡಿ ಆಕಿನ್ನ ಚಾದರದಾಗ ಹಾಕ್ಕೊಂಡು ಎಳಕೊಂಡು ನಡದಿವಿ. ಆಕಿ ದಾರಿಯುದ್ದಕ್ಕೂ ನನ್ನ ಬೈಕೊಂತ ಬಂದಳು, ಮೆತ್ತಗ ಎಳಿಯಾಕ ಬರಂಗಿಲ್ಲೇನು ಅಂತ. ಊರ ಹೊರಗಿನ ಗುಡ್ಡದ ಮ್ಯಾಲೆ ಆ ಹೊತ್ತು ಕಳದಿವಿ.

ಮೂರು ದಿನ ಆದ ಮ್ಯಾಲೆ ಮನಿ ನೋಡಾಕ ಹೋದೆ. ಮುಂದಿನ ಗ್ವಾಡಿ ಇದ್ದಿಲ್ಲ. ಇವರ ಟ್ರಂಕು ಇದ್ದಿಲ್ಲ. ಪುಸ್ತಕದ ಕಪಾಟು ಅಷ್ಟ ನಿಂತಿತ್ತು. ಒಳಗಿನವು ಪುಸ್ತಕ ಅಲ್ಲ, ಕೆಸರಿನ ಇಟ್ಟಿಗಿ. ಒಂದ ಬಿಚ್ಚಾಕ ಹೋದೆ, ಕೈಯಾಗ ಕರಗಿತು. ಇವರು ಬರದದ್ದು ಒಂದು ಚೀಟಿ ಉಳೀಲಿಲ್ಲೋ ಭಾಲು.

ನೀ ಕಳಿಸಿದ್ದ ಪಾರ್ಸೆಲ್ಲೂ ಅದ ನೀರಾಗ ಹೋಗೇತಿ ಅಂತ ಕಾಣತೈತಿ. ನನ್ನ ಕೈಗೆ ಬಂದಿರಲಿಲ್ಲ. ಅಂಚೆ ಚೀಲಗಳೂ ತೋಯ್ದಾವ ಅಂತಾರ. ನೀ ಮನಸ್ಸಿಗೆ ಹಚಗೋಬ್ಯಾಡ. ಕಳಸು ಕಳಸು ಅಂತ ನಿನ್ನ ಜೀವಾ ತಿಂದಾಕಿ ನಾನ. ಅಲ್ಲೇ ಇದ್ದಿದ್ದರ ಉಳೀತಿತ್ತು. ಶ್ರೀಪತಿ ಮಾತು ಕೇಳಿ ನಿನಗ ಏನೇನೋ ಬರದೆ. ಅದನ್ನೂ ನೀರಾಗ ಬಿಡು.

ನಿನ್ನ ಕಾಕೂ


ಪುಣೆ
೧೯ ಆಗಸ್ಟ್ ೧೯೬೧

ಚಿ. ಭಾಲೂಗೆ ಆಶೀರ್ವಾದ.

ನಿನ್ನಿಂದ ಕಾಗದ ಇಲ್ಲ. ನನ್ನ ಮ್ಯಾಲೆ ಸಿಟ್ಟ ಮಾಡಿಕೊಂಡಿಯೇನು? ಸಿಟ್ಟಾಗಾಕ ನಿನಗ ಹಕ್ಕೈತಿ.

ದಿನಾ ಅಂಚೆ ಕಚೇರಿಗೆ ಹೋಗಿ ನಿಂದರತೀನಿ. ಒಣಗಿಸಿದ ಪಾರ್ಸೆಲ್ಲು ಒಂದಿಷ್ಟು ಅದಾವಂತ. ಅಲ್ಲಿ ಒಬ್ಬ ಗುಮಾಸ್ತ ಅದಾನ, ನಿನ್ನ ವಯಸ್ಸಿನಾಂವ, ನನ್ನ ಕಂಡ ಕೂಡಲೇ ಕಿಟಕಿ ಮುಚ್ಚತಾನ. ನಿನ್ನೆ ಅವನ ಕೈ ಹಿಡದು ಕೇಳಿದರ ಹೇಳಿದ: "ಬಾಯಿ, ರಸೀದಿ ನಂಬರ್ ತರ್ರಿ. ನಂಬರ್ ಇದ್ದರ ನಾ ಮಣ್ಣಾಗಿಂದೂ ಹುಡುಕಿ ಕೊಡ್ತೀನಿ." ಆ ನಂಬರ್ ಬರದು ಕಳಸಪಾ. ಆಸೆ ಇಲ್ಲ, ಆದ್ರೂ ಕಳಸು.

ಕಾಕೂ


ಹೊಸದಿಲ್ಲಿ
೧೦ ಸೆಪ್ಟೆಂಬರ್ ೧೯೬೧

ಕಾಕೂ,

ರಸೀದಿ ಇಲ್ಲ. ಪಾರ್ಸೆಲ್ ಕಳಿಸಲೇ ಇಲ್ಲ. ಜುಲೈ ಆರರಂದು ನಾನು ಬರೆದದ್ದು ಸುಳ್ಳು. ಹಸ್ತಪ್ರತಿ ಇಲ್ಲೇ ಇದೆ, ಒಂದು ಹಾಳೆಯೂ ಹೋಗಿಲ್ಲ.

ಅಂಚೆ ಕಚೇರಿಯವರೆಗೆ ಹೋಗಿದ್ದೆ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹಿಂದಿರುಗಿ ಬಂದೆ. ತಮ್ಮ ಕೈಗೆ ಬಂದ ಮರುದಿನವೇ ಅದು ಲೇಲೆಯವರ ಅಚ್ಚಿಗೆ ಹೋಗುತ್ತದೆಂದು ಗೊತ್ತಿತ್ತು. ಅದು ಹೋಗಬಾರದಿತ್ತು.

ಕಾಕೂ, ಪುಸ್ತಕ ತಪ್ಪು. ಅಡಿಟಿಪ್ಪಣಿ ಅಲ್ಲ, ಬುಡವೇ ತಪ್ಪು. ನಾಲ್ಕನೆಯ ಅಧ್ಯಾಯದಲ್ಲಿ ಸರ್ ಹೇಳುತ್ತಾರೆ, ಪೇಶ್ವೆಯರ ಕಾಲದಲ್ಲಿ ಸಾವರಪೇಠದ ನೇಕಾರ ಯಾರ ಹಂಗಿಲ್ಲದೆ ಬದುಕಿದ್ದ ಎಂದು. ಮುಂದಿನ ಅಧ್ಯಾಯಗಳೆಲ್ಲ ಅದರ ಮೇಲೆ ನಿಂತಿವೆ. ನಮ್ಮ ಸಂಪತ್ತು ಸೋರಿಹೋಯಿತು ಎಂದವರು, ಸ್ವದೇಶಿ ಎಂದವರು, ಚರಕ ಎಂದವರು, ಎಲ್ಲರೂ ಆ ಕಳೆದುಹೋದ ಸುಖವನ್ನೇ ಹುಡುಕುತ್ತಿದ್ದರೆಂಬುದು ಸರ್ ಅವರ ವಾದ. ಆದರೆ ಆ ಸುಖ ಇರಲಿಲ್ಲ. ನನ್ನ ಪಿಎಚ್.ಡಿ. ಪ್ರಬಂಧಕ್ಕಾಗಿ ಮೋಡಿ ಲಿಪಿಯ ಹಳೆಯ ಕಾಗದ ಓದುವಾಗ ಸಾವರಪೇಠದ ಅರ್ಜಿಗಳೇ ಸಿಕ್ಕವು. ಮಗ್ಗಕ್ಕೆ ತೆರಿಗೆ, ಮಗ್ಗ ನಿಲ್ಲಿಸಿದರೂ ತೆರಿಗೆ. ಒಳ್ಳೆಯ ಸೀರೆಯನ್ನು ಅಧಿಕಾರಿ ಅರ್ಧ ಬೆಲೆಗೆ ಒಯ್ಯುವುದು. ಕೇರಿಗೆ ಕೇರಿಯೇ ಮಗ್ಗ ಬಿಚ್ಚಿಕೊಂಡು ಬೇರೆ ಸರದಾರನ ಸೀಮೆಗೆ ಓಡಿಹೋದದ್ದು. ಅವರನ್ನು ಹಿಡಿದು ತರಿಸಿ ಎಂದು ಪಾಟೀಲನ ಮನವಿ.

ನಕಲುಗಳನ್ನು ಚೀಲದಲ್ಲಿಟ್ಟುಕೊಂಡು ಸರ್‌ಗೆ ತೋರಿಸಲೆಂದೇ ಒಂದು ಸಂಜೆ ಬಂದಿದ್ದೆ. ಅವರು ಅದೇ ಅಧ್ಯಾಯವನ್ನು ನನಗೆ ಓದಿ ಹೇಳಿ "ಹೇಗಿದೆಯೋ?" ಎಂದರು. "ಅದ್ಭುತ ಸರ್" ಎಂದೆ. ತಾವು ಆಗ ಚಹಾ ತಂದಿರಿ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಪಾರ್ಸೆಲ್ ನೀರಿನಲ್ಲಿ ಹೋಯಿತೆಂದು ತಾವು ಬರೆದಾಗ ನನಗೆ ಮೊದಲು ಆದದ್ದು ಸಮಾಧಾನ. ಹೋಯಿತೆಂದೇ ಇರಲಿ, ಸರ್ ಹೆಸರು ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ ಅಂದುಕೊಂಡೆ. ಒಂದು ತಿಂಗಳು ಹಾಗೇ ಅಂದುಕೊಂಡಿದ್ದೆ. ತಾವು ಆ ಕಿಟಕಿಯ ಮುಂದೆ ನಿಂತಿರುವುದನ್ನು ಓದಿದ ಮೇಲೆ ಆಗಲಿಲ್ಲ.

ಏನು ಶಿಕ್ಷೆ ಕೊಟ್ಟರೂ ಸರಿ.
ಭಾಲಚಂದ್ರ


ಪುಣೆ
೧೮ ಸೆಪ್ಟೆಂಬರ್ ೧೯೬೧

ಭಾಲ್ಯಾ,

ಮೂರು ಸಲ ಬರಿಯಾಕ ಕುಂತು ಮೂರು ಸಲ ಹರದು ಒಗದೆ. ಮೊದಲನೇದರಾಗ ಬರೇ ಬೈಗಳ ಇದ್ದವು. ಎರಡನೇದರಾಗೂ ಅವ ಇದ್ದವು, ಅಕ್ಷರ ಅಷ್ಟ ದುಂಡಗ ಇದ್ದವು.

ಆ ಗುಮಾಸ್ತನ ಮುಂದ ನಾ ಅತ್ತೀನೋ, ಮೂಢಾ. ಅವನಿಗೆ "ನಿನ್ನ ವಂಶ ಉದ್ಧಾರ ಆಗಂಗಿಲ್ಲ" ಅಂದೀನಿ. ನಾಳೆ ಹೋಗಿ ಆ ಮಾತು ಹಿಂದಕ್ಕ ತಗೋಬೇಕು. ನಿನ್ನ ಸಲುವಾಗಿ.

ನೀ ಏನ ತಿಳಕೊಂಡೀದಿ? ನಾಲ್ಕನೇ ಅಧ್ಯಾಯ ತಪ್ಪು ಅಂತ ನನಗ ಗೊತ್ತಿಲ್ಲ ಅಂತಾನೋ? ನಾನೂ ಸಾವರಪೇಠದಾಕೀನ. ಇವರು ಆ ಅಧ್ಯಾಯ ಬರಿಯಾಕ ಕುಂತಾಗಿಂದ ಈ ಮನ್ಯಾಗ ಅದರದ ಜಗಳ. ಬೀಸೋ ಕಲ್ಲಿನ ಮುಂದ ನನ್ನ ಅಜ್ಜಿ ಹಾಡ್ತಿದ್ದ ಓವಿ ಹೇಳಿ ತೋರಿಸಿದೆ:

ಊರ ರಾಣಿಗೆ ನೇದಾನ ಅಪ್ಪ ಜರತಾರಿ ಪೈಠಣಿ,
ನನ್ನವ್ವನ ಹರಕ ಸೀರಿ ಹೊಲಿಯಾಕ ದಾರ ಇಲ್ಲ.

"ಸುಖ ಇದ್ದ ಮನಿಯಾಗ ಈ ಹಾಡು ಯಾಕ ಹುಟ್ಟತೈತಿ?" ಅಂತ ಕೇಳಿದೆ. ಇವರು ನಕ್ಕರು. "ಹಾಡು ಪುರಾವೆ ಅಲ್ಲ, ಚಂದ್ರೀ" ಅಂದರು. "ಶ್ಲೋಕ ಪುರಾವೆ ಏನ್ರೀ? ಮೂರನೇ ಅಧ್ಯಾಯದ ತುಂಬ ಶ್ಲೋಕ ಅದಾವಲ್ಲ" ಅಂದೆ. ಅವತ್ತ ಊಟ ಬಿಟ್ಟು ಎದ್ದು ಹ್ವಾದರು. ಕೋಷ್ಟ್ಯಾರಾಗ ಕಾಲೇಜಿನ್ಯಾಗ ಕಲಿಸಿದ ಮೊದಲನೇ ಮನಿಷ್ಯಾ ಅವರು. ನಮ್ಮವರು ಒಂದು ಕಾಲಕ್ಕಾದರೂ ತಲಿ ಎತ್ತಿ ಬದುಕಿದ್ದರು ಅಂತ ಅವರಿಗೆ ಬೇಕಿತ್ತು. ನನಗೂ ಬೇಕಿತ್ತು. ಬೇಕು ಅಂದ ಮಾತ್ರಕ್ಕ ಆಗತೈತೇನು?

ನನಗ ಸಿಟ್ಟು ಬಂದದ್ದು ಪುಸ್ತಕ ತಪ್ಪು ಅಂದದ್ದಕ್ಕಲ್ಲ. ನಾ ಹೆಂಗಸು, ನನ್ನ ಮಾತಿಗೆ ನಕ್ಕರು. ನಿನ್ನ ಚೀಲದಾಗ ಕಾಗದ ಇದ್ದವು. ಕಾಗದ ಅಂದ್ರ ಅವರು ನಗತಿದ್ದಿಲ್ಲ. ಎರಡು ವರ್ಷ ಆಯುಷ್ಯ ಇತ್ತು ಇನ್ನೂ. ಹರದು ಹಾಕಿ ಮತ್ತ ಬರೀತಿದ್ದರು, ನಿನ್ನ ಬೈಕೊಂತ ಬರೀತಿದ್ದರು. ನೀ "ಅದ್ಭುತ ಸರ್" ಅಂದಿ. ನೀ ಒಬ್ಬನ ಅಲ್ಲ, ಅವರ ಮುಂದ ಕುಂತ ಎಲ್ಲರೂ ಅದ್ಭುತ ಅಂದರು. ಎದುರುಮಾತಿಲ್ಲದ ಪುಸ್ತಕ ಆತು ಅದು. ಅದಕ್ಕ ಕೆಟ್ಟಿತು.

ಈಗ ಕೇಳು. ಪುಸ್ತಕ ಅಚ್ಚಾಗತೈತಿ. ಅವರು ಬರದಂಗ, ಒಂದು ಅಕ್ಷರ ಬದಲಾಗಲಾರದ. ಅದರ ಹಿಂದ ನೀ ಬರಿ, ಯಾಕ ತಪ್ಪು ಅಂತ, ನಿನ್ನ ಹೆಸರು ಹಾಕಿ ಬರಿ. ಕತ್ತರಿ ಹಾಕಬ್ಯಾಡ, ಕದ್ದು ತಿದ್ದಬ್ಯಾಡ. ಎದುರು ನಿಂತು ಜಗಳಾಡು.

ಕಾಕೂ


ಹೊಸದಿಲ್ಲಿ
೨೫ ಅಕ್ಟೋಬರ್ ೧೯೬೧

ತೀರ್ಥಸ್ವರೂಪ ಕಾಕೂ ಅವರಿಗೆ ನಮಸ್ಕಾರಗಳು.

ತಮ್ಮ ಆಜ್ಞೆಯಂತೆ ಬರೆಯಲು ಪ್ರಯತ್ನಿಸಿದ್ದೇನೆ. ಕರಡು ಲಗತ್ತಿಸಿದೆ. ಗುರುವಿನ ಗ್ರಂಥಕ್ಕೆ ಶಿಷ್ಯನೇ ಆಕ್ಷೇಪ ಬರೆದರೆ ಜನ ಏನೆನ್ನುವರೋ ಎಂಬ ಅಳುಕಿದೆ. ಆದ್ದರಿಂದ ಹೆಸರಿನ ಬದಲು 'ಸಂಪಾದಕ' ಎಂದಷ್ಟೇ ಹಾಕಿದರೆ ಹೇಗೆ?

ಭಾಲಚಂದ್ರ


ಪುಣೆ
೩ ನವೆಂಬರ್ ೧೯೬೧

ಭಾಲ್ಯಾ,

ನಿನ್ನ ಕರಡು ಓದಿದೆ. ಮೊದಲನೇ ಹಾಳಿ ಪೂರಾ ನಮಸ್ಕಾರ. ಎರಡನೇ ಹಾಳ್ಯಾಗ "ನನ್ನ ಅಲ್ಪಮತಿಗೆ ತೋಚುವಂತೆ." ಮೂರನೇ ಹಾಳ್ಯಾಗ "ಪ್ರಾಯಶಃ, ಕೆಲಮಟ್ಟಿಗೆ, ಮರುಪರಿಶೀಲನೆಗೆ ಅವಕಾಶವಿರಬಹುದೇನೋ." ನಾಲ್ಕನೇ ಹಾಳ್ಯಾಗ ಮತ್ತ ನಮಸ್ಕಾರ. ಇದು ಆಕ್ಷೇಪೋ, ಸತ್ಯನಾರಾಯಣ ಪೂಜೆಯೋ? ಗೋಖಲ್ಯಾನ ತಾಯೀಗೆ ಓದಿ ಹೇಳಿದೆ. ಆಕಿ ಹಾಸಿಗ್ಯಾಗಿಂದ ಕೇಳಿದಳು, "ಇಂವ ಅವರಿಗೆ ಬೈಯಾಕ ಹತ್ಯಾನೋ, ರೊಕ್ಕ ಕೇಳಾಕ ಹತ್ಯಾನೋ?"

ಮತ್ತ ಬರಿ. ಸಂಪಾದಕ ಅಂತ ಹಾಕಿದರ ನನ್ನ ಮನಿ ಹೊಚ್ಚಲ ತುಳೀಬ್ಯಾಡ.

ಆಮ್ಯಾಲೆ, ನನ್ನ ಓವಿ ಯಾಕ ಬಿಟ್ಟಿ? ನಿನ್ನ ಕಾಗದಕ್ಕಿಂತ ಅದು ಗಟ್ಟಿ ಐತಿ.

ಕಾಕೂ


ಹೊಸದಿಲ್ಲಿ
೧೯ ನವೆಂಬರ್ ೧೯೬೧

ಕಾಕೂ,

ಗಟ್ಟಿ ಇಲ್ಲ. ಓವಿಗೆ ತಾರೀಖಿಲ್ಲ. ಅದನ್ನು ತಮ್ಮ ಅಜ್ಜಿ ಹಾಡಿದ್ದು ನೂಲಿನ ಗಿರಣಿ ಬಂದ ಮೇಲೆ. ಹುಟ್ಟಿದ್ದು ಯಾವಾಗ, ಯಾರ ಕಾಲದ ಹರಕು ಸೀರೆ ಅದು, ತಮಗೂ ಗೊತ್ತಿಲ್ಲ. ಸರ್ ತಮ್ಮ ಮಾತಿಗೆ ನಕ್ಕದ್ದು ತಪ್ಪು, ಆದರೆ ಹಾಡೊಂದೇ ಪುರಾವೆಯಾಗದು ಎಂದದ್ದು ತಪ್ಪಲ್ಲ. ಎರಡನ್ನೂ ತಾವು ಒಂದೇ ಮಾಡುತ್ತೀರಿ. ಸರ್ ಜೊತೆ ವರ್ಷಗಟ್ಟಲೆ ಜಗಳವಾಡಿದವರಿಗೆ ಇಷ್ಟು ಗೊತ್ತಿರಬೇಕಿತ್ತು.

ಹಿಂದಿನ ಕರಡು ಒಲೆಗೆ ಹಾಕಿ. ಹೊಸದನ್ನು ಬರೆದಿದ್ದೇನೆ. ಮೊದಲ ವಾಕ್ಯ ಹೀಗಿದೆ: "ಕೃಷ್ಣಾಜಿ ದಿವಟೆಯವರ ಈ ಗ್ರಂಥದ ನಾಲ್ಕನೆಯ ಅಧ್ಯಾಯ ನಿಜವಲ್ಲ." ಕೊನೆಯಲ್ಲಿ ನನ್ನ ಹೆಸರಿದೆ. ನೇಕಾರ ಸುಖದಿಂದ ಬಡತನಕ್ಕೆ ಬಿದ್ದವನಲ್ಲ, ಒಬ್ಬ ಒಡೆಯನಿಂದ ಇನ್ನೊಬ್ಬನ ಕೈಗೆ ಬಿದ್ದವನು. ಇಲ್ಲದ ಸುಖವನ್ನು ಹುಡುಕುತ್ತ ಕೂತರೆ ಅವನಿಗೆ ಮುಂದಿನ ದಾರಿ ಸಿಗದು. ಯೋಜನೆ ಮಾಡುವ ನಮ್ಮಂಥವರು ಇದನ್ನು ಗಟ್ಟಿಯಾಗಿ ಹೇಳದಿದ್ದರೆ ಇನ್ಯಾರು ಹೇಳಬೇಕು?

ಡಿಸೆಂಬರಿನಲ್ಲಿ ನಾನೇ ಹಸ್ತಪ್ರತಿ ತರುತ್ತೇನೆ. ಪಾರ್ಸೆಲ್ ಇಲ್ಲ, ನಂಬಿಕಸ್ಥನೂ ಇಲ್ಲ.

ಭಾಲು


ಪುಣೆ
೨೭ ನವೆಂಬರ್ ೧೯೬೧

ಚಿರಂಜೀವಿ ಭಾಲೂಗೆ ಆಶೀರ್ವಾದ.

ನಿನ್ನ ಕಾಗದ ಓದಿ ಮೈ ಎಲ್ಲಾ ಉರೀತು. ಹಿಂಗ ಬರಿಯಾಕ ನಿನಗ ಯಾರು ಹೇಳಿಕೊಟ್ಟರೋ? ನಾನ ಹೇಳಿಕೊಟ್ಟೆ, ಖರೆ. ಉಂಡ ಮನಿ ಹಿರಿಯಾಕಿಗೆ "ಇಷ್ಟು ಗೊತ್ತಿರಬೇಕಿತ್ತು" ಅಂತೀಯಲ್ಲ! ಬಾ, ಬಂದು ನನ್ನ ಮುಂದ ಅನ್ನು. ಝುಣಕಾ ಭಾಕರಿ ಮಾಡಿರತೀನಿ.

ಸರ್ಕಾರ ನಮಗ ತಗಡಿನ ಮನಿ ಕೊಟ್ಟೈತಿ, ಅರ್ಧ ಸೀಳಿದ ಕೊಳವಿ ಹಂಗ. ತಲಿ ಬಗ್ಗಿಸಿ ಒಳಗ ಬರಬೇಕು. ವಿಳಾಸ ಹಿಂದಿನ ಮಗ್ಗಲಿಗೆ ಬರದೀನಿ.

ಕಾಕೂ


ಪುಣೆ
೨೨ ಜನವರಿ ೧೯೬೨

ಭಾಲೂಗೆ ಆಶೀರ್ವಾದ.

ನೀ ಹೋದ ಮ್ಯಾಲೆ ಲೇಲೆ ಬಂದಿದ್ದ. ಮುಖ ಹರಳೆಣ್ಣಿ ಕುಡದವರಂಗ ಮಾಡಿಕೊಂಡಿದ್ದ. "ಬಾಯಿ, ಗಂಡನ ಪುಸ್ತಕದ ಹಿಂದ ಗಂಡನ ವಿರುದ್ಧ ಬರಹ ಹಾಕ್ತಾರೇನ್ರಿ? ಮದಿವಿ ಚಪ್ಪರದಾಗ ಮದುಮಗನ ತಪ್ಪು ಎಣಿಸಿದಂಗ ಆತು" ಅಂದ. ನಾ ಅಂದೆ, "ಲೇಲೆ, ನಿನ್ನ ಹೆಂಡತಿ ಎಣಿಸಂಗಿಲ್ಲೇನು?" ಅಂವ ಚಾ ಬಶಿಗೆ ಸುರುವಿಕೊಂಡು ಕುಡದ. ಕಡೀಗೆ ಒಪ್ಪಿದ.

ಈಗ ನನ್ನ ಮಾತು. ನಿನ್ನ ಆಕ್ಷೇಪ ಅಚ್ಚಿನ ಕರಡಿನ್ಯಾಗ ಮತ್ತ ಓದಿದೆ. ಚೊಲೋ ಬರದೀದಿ. ಆದರ ನೇಕಾರ ನೇದ, ನೇಕಾರ ತೆರಿಗಿ ಕೊಟ್ಟ, ನೇಕಾರ ಓಡಿಹೋದ. ನಿನ್ನ ಸರ್ ಬರದದ್ದೂ ನೇಕಾರ, ನೀ ಬರದದ್ದೂ ನೇಕಾರ. ನೂಲು ಆಕಾಶದಿಂದ ಬೀಳ್ತಿತ್ತೇನೋ? ನನ್ನ ಅಜ್ಜಿ ನೂಲಾಕಿ. ಗಂಡ ಸತ್ತ ಹೆಂಗಸರು, ಬಿಟ್ಟ ಹೆಂಗಸರು, ಊರಿಗೆ ಊರ ನೂಲತಿತ್ತು. ಗಿರಣಿ ನೂಲು ಬಂದಾಗ ನೇಕಾರಗ ಅದು ಸೋವಿ ಆತು, ಅಂವ ಹೆಂಗೋ ಬದುಕಿದ. ನೂಲವರು ಒಂದ ಸಲಕ್ಕ ಹ್ವಾದರು. ಓಡಿಹೋಗಲಿಲ್ಲ, ಹೋಗಾಕ ಅವರಿಗೆ ಬ್ಯಾರೆ ಸರದಾರನ ಸೀಮಿ ಇದ್ದಿಲ್ಲ. ಮನ್ಯಾಗ ಕುಂತಲ್ಲೇ ಹ್ವಾದರು. ಸುಖ ಇದ್ದಿಲ್ಲ ಅಂತೀದಿ, ಒಪ್ಪತೀನಿ. ಏನೂ ಕಳೀಲಿಲ್ಲ ಅಂತೀಯಲ್ಲ, ಅದು ತಪ್ಪು.

ಓವಿಗೆ ತಾರೀಖಿಲ್ಲ ಅಂದಿ. ಅಜ್ಜಿ ರಾಟಿ ಅಟ್ಟಕ್ಕ ಏರಿಸಿದ್ದು ದೊಡ್ಡ ಬರಗಾಲದ ಹಿಂದಿನ ವರ್ಷ ಅಂತ ಆಕೀನ ಹೇಳತಿದ್ದಳು. ಇದು ತಾರೀಖು ಹೌದೋ ಅಲ್ಲೋ?

ಇದನ್ನ ಬರೀಬೇಕು ಅಂತ ಕುಂತೀನಿ. ನಿನ್ನ ಬರಹದ ಹಿಂದ ನನ್ನದೂ ಇರತೈತಿ. ಆದರ ಬರಿಯೋದು ಸುಲಭ ಅಲ್ಲಪಾ. ಮಾತಾಡಿದಂಗ ಬರಂಗಿಲ್ಲ. ಹೊಡದು ಹೊಡದು ಹಾಳಿ ತೂತ ಬೀಳಾಕತ್ತಾವ. ನಿನಗ ತಡ ಮಾಡೀದಿ ಅಂತ ಬೈದದ್ದರಾಗ ಕಾಲು ಭಾಗ ಹಿಂದಕ್ಕ ತಗೋತೀನಿ. ಮುಕ್ಕಾಲು ನಿನ್ನ ಹಂತ್ಯಾಕ ಇರಲಿ.

ಕಾಕೂ


ಹೊಸದಿಲ್ಲಿ
೨ ಫೆಬ್ರುವರಿ ೧೯೬೨

ಕಾಕೂ,

ಬರೆಯಿರಿ. ನಾನು ಏನೂ ಕಳೆಯಲಿಲ್ಲ ಎಂದಿಲ್ಲ, ಐದನೆಯ ಪುಟ ಇನ್ನೊಮ್ಮೆ ನೋಡಿ. ಆದರೂ ನೂಲುವವರನ್ನು ಬಿಟ್ಟದ್ದು ನಿಜ. ಉತ್ತರ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಸಿಕ್ಕರೆ ಸುಮ್ಮನಿರುವುದಿಲ್ಲ.

ಭಾಲು


ಪುಣೆ
೧೧ ಜೂನ್ ೧೯೬೨

ಚಿ. ಭಾಲೂಗೆ ಅನೇಕ ಆಶೀರ್ವಾದ.

ಪುಸ್ತಕ ನಿನಗ ಮುಟ್ಟಿರಬೇಕು. ರಟ್ಟಿನ ಬಣ್ಣ ಚೊಲೋ ಬಂದಿಲ್ಲ, ಲೇಲೆ ಜುಗ್ಗತನ ಮಾಡ್ಯಾನ. ಇವರ ಹೆಸರು ದೊಡ್ಡದಾಗಿ ಐತಿ. ನಿನ್ನದೂ ನನ್ನದೂ ಒಳಗ ಅದಾವ.

ಇವರ ಹಳೇ ವಿದ್ಯಾರ್ಥಿಗಳು ನಾಲ್ಕು ಮಂದಿ ಸಿಟ್ಟಾಗ್ಯಾರ. ಒಬ್ಬ ತನ್ನ ಪ್ರತಿ ಹಿಂದಕ್ಕ ಕಳಿಸ್ಯಾನ, ಒಳಗ ಚೀಟಿ ಇಟ್ಟು: "ಇದು ಗುರುದ್ರೋಹ." ಶ್ರೀಪತಿ ಬಂದು ನಿನ್ನ ಬರಹ ಓದಿದ. ಓದಿ, "ಆತ್ಯಾ, ಇಂವ ಕಳ್ಳ ಅಲ್ಲ ಬಿಡ್ರಿ, ಹುಚ್ಚ ಅದಾನ" ಅಂದ. ಅವನ ಬಾಯಾಗ ಇದಕ್ಕಿಂತ ದೊಡ್ಡ ಹೊಗಳಿಕಿ ಬರಂಗಿಲ್ಲ.

ಇವರು ಹ್ವಾದಾಗಿಂದ ನನ್ನ ಕೂಡ ಎಲ್ಲಾರೂ ಮೆತ್ತಗ ಮಾತಾಡ್ತಿದ್ದರು, ರೋಗಿಷ್ಟರ ಕೂಡ ಮಾತಾಡಿದಂಗ. ಎರಡು ವರ್ಷ ಆ ಮೆತ್ತಗಿನ ಮಾತು ಕೇಳಿ ಕೇಳಿ ಕಿವಿ ಜಡ್ಡಾಗಿದ್ದವು. ಮೊನ್ನೆ ಸೊಲ್ಲಾಪುರದಿಂದ ಒಬ್ಬ ಮಾಸ್ತರನ ಕಾಗದ ಬಂತು. ಗುರುತಿಲ್ಲ, ಪರಿಚಯಿಲ್ಲ, ನಾಲ್ಕು ಹಾಳಿ ಎರಡೂ ಮಗ್ಗಲು ಬೈದಾನ. ನಿನ್ನ ಸರ್‌ಗೆ ಅಲ್ಲ, ನಿನಗೂ ಅಲ್ಲ. ನನಗ. ನೂಲೋದರಿಂದ ಹೆಂಗಸರಿಗೆ ಎಂದೂ ಹೊಟ್ಟಿ ತುಂಬಲಿಲ್ಲ, ಹೋದದ್ದು ಚೊಲೋನ ಆತು, ಶ್ರೀಮತಿ ದಿವಟೆಯವರಿಗೆ ಅರ್ಥಶಾಸ್ತ್ರದ ಅ ಗೊತ್ತಿಲ್ಲ ಅಂತ ಬರದಾನ. ಆಧಾರ ಬ್ಯಾರೆ ಕೊಟ್ಟಾನ. ಒಂದು ಆಧಾರ ಗಟ್ಟಿ ಐತಿ, ಅದಕ್ಕ ಏನ ಹೇಳಬೇಕು ಇನ್ನೂ ತಿಳೀವಲ್ದು. ಉಳದವು ಪೊಳ್ಳು.

ಉತ್ತರ ಬರಿಯಾಕ ಕುಂತೀನಿ. ಒಲಿ ಮ್ಯಾಲಿನ ಬ್ಯಾಳಿ ಸೀದ ವಾಸನಿ ಬರಾಕತ್ತೈತಿ. ಸೀಯಲಿ.

ಕಾಕೂ